ಗಾಳಿಯ ಪಾಲಿನ ನಾಲ್ಕು ಮುಡಿ

ಒಂಬತ್ತನೆಯ ತರಗತಿಗೆ ಪ್ಲವನತೆಯ ಪಾಠ ಮಾಡುತ್ತಿದ್ದೆ. ಇಪ್ಪತ್ತೆಂಟು ವರ್ಷಗಳಿಂದ ಮಾಡುತ್ತ ಬಂದ ಪಾಠ. ಒಂದು ಬೀಕರು, ಅದರ ತುಂಬ ನೀರು, ದಾರ ಕಟ್ಟಿದ ಒಂದು ಕಲ್ಲು, ಒಂದು ಸ್ಪ್ರಿಂಗ್ ತ್ರಾಸು. ಕಲ್ಲು ಮುಳುಗುತ್ತದೆ, ನೀರು ಚೆಲ್ಲುತ್ತದೆ, ಮಕ್ಕಳು ಆರ್ಕಿಮಿಡೀಸನ ತತ್ತ್ವವನ್ನು ಬರೆದುಕೊಳ್ಳುತ್ತಾರೆ. ಅಂದು ಪಾಠ ಮುಗಿಯುವ ಹೊತ್ತಿಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಗ್ರಂಥಾಲಯದ ಪುಸ್ತಕವೊಂದನ್ನು ಬಿಡಿಸಿ ಮುಂದಿಟ್ಟಳು. ಅದರಲ್ಲೊಂದು ಬಣ್ಣದ ಚಿತ್ರ. ಉದ್ದನೆಯ ಹಡಗು, ಪಟ್ಟೆಪಟ್ಟೆಯ ಹಾಯಿ, ಮೂತಿಯಲ್ಲಿ ಬಾಯಿ ತೆರೆದ ಡ್ರ್ಯಾಗನ್.

“ಸರ್, ಇದು ವೈಕಿಂಗರ ಹಡಗಂತೆ. ನಮ್ಮ ಊರಲ್ಲಿ ಇಂಥದ್ದು ಏನಾದರೂ ಇತ್ತಾ?”

“ನಮ್ಮವರೂ ಸಮುದ್ರ ದಾಟಿದವರೇ” ಎಂದೆ. ಉತ್ತರ ಸರಿಯಾಗಿ ಗೊತ್ತಿಲ್ಲದಾಗ ಮಾಷ್ಟ್ರುಗಳು ಹೇಳುವ ಮಾತಿದು. ಪುಸ್ತಕ ಮುಚ್ಚಿಸಿ ಮುಂದಕ್ಕೆ ಹೋಗುವವನಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ, ಸಾಮಾನ್ಯವಾಗಿ ಬಾಯಿಯೇ ತೆರೆಯದ ಹುಡುಗನೊಬ್ಬ ಎದ್ದು ನಿಂತ. “ನನ್ನ ಅಜ್ಜನ ಹತ್ತಿರ ಒಂದು ದೋಣಿ ಉಂಟು ಸರ್. ಹೊಲಿದ ದೋಣಿ.”

ತರಗತಿ ಗೊಳ್ಳೆಂದಿತು. ಹೊಲಿಯುವುದಕ್ಕೆ ಅದೇನು ಅಂಗಿಯೇ? ಹುಡುಗ ತಲೆ ತಗ್ಗಿಸಿ ಇನ್ನೊಂದು ಮಾತು ಸೇರಿಸಿದ. “ಬರುವ ವಾರ ಅದನ್ನು ಒಂದು ರೆಸಾರ್ಟಿನವರು ತೆಗೆದುಕೊಂಡು ಹೋಗುತ್ತಾರೆ.”

ಹುಡುಗನ ಊರು ಬಂಟ್ವಾಳದ ಕಡೆ, ನೇತ್ರಾವತಿಯ ದಂಡೆ. ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಾನೆ. ಒಂದು ವಾರದ ಅವಧಿಯಷ್ಟೇ ಇತ್ತು. 2026ರ ಜನವರಿಯ ಒಂದು ಭಾನುವಾರ ಹದಿನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಬಾಡಿಗೆಯ ವ್ಯಾನಿನಲ್ಲಿ ಹೊರಟೆ. ಮಕ್ಕಳ ಜತೆ ಇಬ್ಬರು ಪೋಷಕರೂ ಬಂದರು. ಅವರಲ್ಲೊಬ್ಬರು ಬ್ಯಾಂಕಿನವರು. “ಪರೀಕ್ಷೆ ಹತ್ತಿರ ಬಂತು ಸರ್, ದೋಣಿ ನೋಡಿದರೆ ಮಾರ್ಕು ಬರುತ್ತದೆಯೇ?” ಎಂದು ವ್ಯಾನು ಹತ್ತುವಾಗಲೇ ಕೇಳಿದರು. ಬರುವುದಿಲ್ಲ ಎಂದು ಒಪ್ಪಿಕೊಂಡೆ. ಆದರೂ ಹತ್ತಿ ಕೂತರು.

ಕಲ್ಲಿನಲ್ಲಿ ಉಳಿದ ಡ್ರ್ಯಾಗನ್

ಚಿತ್ರದ ಡ್ರ್ಯಾಗನ್ನಿನಿಂದ ಹುಟ್ಟಿದ ಪ್ರವಾಸವಾದ್ದರಿಂದ ಮೊದಲು ನಮ್ಮೂರಿನ ಡ್ರ್ಯಾಗನ್ನನ್ನೇ ತೋರಿಸಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ದಿನವೂ ಜನ ಬರುತ್ತಾರೆ. ಕಂಬಗಳನ್ನು ಎಣಿಸಲು ಹೊರಟು ಅರ್ಧಕ್ಕೆ ಬಿಡುತ್ತಾರೆ. ಮಂಟಪದ ಅಧಿಷ್ಠಾನದ ಕಡೆಗೆ ಬಗ್ಗಿ ನೋಡುವವರು ಕಡಿಮೆ. ಅಲ್ಲಿನ ಕೆತ್ತನೆಗಳ ಸಾಲಿನಲ್ಲಿ ಒಂದು ಜಿರಾಫೆ ಇದೆ, ಚೀನಾದ ಬಗೆಯ ಒಂದು ಡ್ರ್ಯಾಗನ್ ಇದೆ. ಬಸದಿ ಕಟ್ಟಿದ್ದು 1430ರಲ್ಲಿ, ಮುಂದಿನ ಮಂಟಪ ಸೇರಿದ್ದು ಆಮೇಲೆ. ಜಿರಾಫೆ ಆಫ್ರಿಕಾದ ಪ್ರಾಣಿ. ಪಶ್ಚಿಮಘಟ್ಟದ ಬುಡದ ಶಿಲ್ಪಿಗೆ ಅದರ ಕತ್ತು ಗೊತ್ತಾದದ್ದು ಹೇಗೆ?

ಕಾಡಿನ ದಾರಿಯಲ್ಲಿ ಬಂದದ್ದಂತೂ ಅಲ್ಲ. ಪ್ರಾಣಿಯೇ ಬಂದಿರಬೇಕೆಂದಿಲ್ಲ, ಅದನ್ನು ಕಂಡವನ ಮಾತು ಬಂದರೂ ಸಾಕು. ಮಾತು ಬಂದದ್ದು ಹಡಗಿನಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಸಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಹತ್ತಾರು ವರ್ಷ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡಿದ. ಅವನ ಪತ್ರಗಳು ಕೈರೋ ನಗರದ ಹಳೆಯ ಕಡತಗಳ ರಾಶಿಯಲ್ಲಿ ಸಿಕ್ಕಿವೆ. ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕ್ಕೋದ ಇಬ್ನ್ ಬತೂತ ಮಂಗಳೂರಿಗೆ ಬಂದು, ಇಲ್ಲಿ ಪರ್ಷಿಯಾ ಮತ್ತು ಯೆಮನಿನ ವರ್ತಕರು ಇಳಿಯುವುದನ್ನು ಬರೆದ. ಮೂಡುಬಿದಿರೆಯ ಚೌಟರ ವಂಶದವಳೇ ಆದ ಉಳ್ಳಾಲದ ಅಬ್ಬಕ್ಕ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಹೋರಾಡಿದ್ದೂ ಈ ಕಡಲ ವ್ಯಾಪಾರದ ಹಕ್ಕಿಗಾಗಿಯೇ.

ಅಲ್ಲಿಂದ ಚೌಟರ ಅರಮನೆಗೆ ಹೋದೆವು. ಮರದ ಕಂಬಗಳ ಮೇಲೆ ನವನಾರೀಕುಂಜರ, ಪಂಚನಾರೀತುರಗ. ಒಂಬತ್ತು ಹೆಂಗಸರು ಸೇರಿ ಒಂದು ಆನೆ, ಐವರು ಸೇರಿ ಒಂದು ಕುದುರೆ. ಮರದ ಮೇಲೆ ಇಷ್ಟು ಹಿಡಿತ ಇದ್ದವರಿಗೆ ದೋಣಿಯೊಂದು ಲೆಕ್ಕವೇ? ಹುಡುಗಿ ಮತ್ತೆ ಕೇಳಿದಳು. “ಹಾಗಾದರೆ ಆ ದೋಣಿಗಳೆಲ್ಲ ಎಲ್ಲಿ ಹೋದವು ಸರ್?”

ಪ್ರಶ್ನೆ ಅಂದರೆ ಇದು. ವೈಕಿಂಗರ ಹಡಗುಗಳು ಸಾವಿರ ವರ್ಷ ಉಳಿದದ್ದಕ್ಕೆ ಕಾರಣ, ಅವರು ಸತ್ತವರನ್ನು ಹಡಗಿನ ಸಮೇತ ಹೂಳುತ್ತಿದ್ದುದು. ನಾರ್ವೆಯ ಜೇಡಿಮಣ್ಣಿನಲ್ಲಿ ಗಾಳಿ ಆಡುವುದಿಲ್ಲ. ಗಾಳಿಯಿಲ್ಲದಲ್ಲಿ ಮರವನ್ನು ಕೊಳೆಸುವ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. 1880ರಲ್ಲಿ ಗೋಕ್‌ಸ್ಟಾಡ್ ಎಂಬ ಹೊಲದಲ್ಲಿ ಆ ಮನೆಯ ಹುಡುಗರಿಬ್ಬರು ದಿಬ್ಬವನ್ನು ಅಗೆಯಲು ಹೊರಟರು. ಒಳಗೆ 23 ಮೀಟರಿಗೂ ಉದ್ದದ ಓಕ್ ಮರದ ಹಡಗೇ ಇತ್ತು. 1904ರಲ್ಲಿ ಓಸೆಬರ್ಗ್ ಎಂಬಲ್ಲಿ ಇನ್ನೊಂದರ ಅಗೆತ ಶುರುವಾಯಿತು. ಅದು 21.5 ಮೀಟರು ಉದ್ದ, ಮೂತಿ ಹಾವಿನಂತೆ ಸುರುಳಿ ಸುತ್ತಿದ್ದು. ಎರಡನ್ನೂ ಓಸ್ಲೋ ನಗರದಲ್ಲಿ ಜೋಪಾನ ಮಾಡಿದ್ದಾರೆ. ನಮ್ಮದು ಮುರಕಲ್ಲಿನ ನೆಲ, ಆಟಿಯ ಮಳೆ, ವರ್ಷವಿಡೀ ಗೆದ್ದಲು. ಇಲ್ಲಿ ಕಲ್ಲು ಉಳಿಯಿತು, ಮರ ಹೋಯಿತು. ಹಾಗಾಗಿ ಡ್ರ್ಯಾಗನ್ ಇದೆ, ಡ್ರ್ಯಾಗನ್ನಿನ ಸುದ್ದಿ ತಂದ ಹಡಗು ಇಲ್ಲ.

ಮರ ಹುಟ್ಟುವ ಸೀಮೆ

ಮೂಡುಬಿದಿರೆಯಿಂದ ವೇಣೂರಿನ ದಾರಿ ಹಿಡಿದೆವು. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಬಾಹುಬಲಿಯ ಮಗ್ಗುಲಲ್ಲೇ ಫಲ್ಗುಣಿ ಹರಿಯುತ್ತದೆ. ಮುಂದೆ ಗುರುಪುರ ಹೊಳೆ ಎನಿಸಿಕೊಂಡು ಮಂಗಳೂರಿಗೆ ಹೋಗುವುದು ಇದೇ ನೀರು. ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಬಂದರೆ ಸೋಮಾವತಿ. ಅದು ನೇತ್ರಾವತಿಗೆ ಸೇರುತ್ತದೆ. ನೇತ್ರಾವತಿ, ಫಲ್ಗುಣಿ ಎರಡೂ ಘಟ್ಟದಿಂದ ಇಳಿದು, ಬೇರೆ ಬೇರೆ ದಾರಿ ಹಿಡಿದು, ಮಂಗಳೂರಿನ ಅಳಿವೆಯಲ್ಲಿ ಮತ್ತೆ ಒಂದಾಗುತ್ತವೆ. ದೂರದಲ್ಲಿ ಗಡಾಯಿಕಲ್ಲು ಕಾಣಿಸುತ್ತಿತ್ತು. ಮಕ್ಕಳಿಗೆ ಅದರ ಮೇಲೆ ಹತ್ತುವ ಆಸೆ. ಅದರ ಆಚೆಯ ಕಾಡನ್ನು ನೋಡಿ ಎಂದೆ. ಬಂಟ್ವಾಳದ ದೋಣಿಗೆ ಮರ ಬೇಕಿದ್ದರೆ ಅದು ಬರಬೇಕಾದದ್ದು ಈ ಸೀಮೆಯಿಂದ.

ದಾರಿಬದಿಯಲ್ಲಿ ಒಂದು ಹೆಬ್ಬಲಸಿನ ಮರದ ಬುಡದಲ್ಲಿ ವ್ಯಾನು ನಿಲ್ಲಿಸಿದೆ. ತುಳುವಿನಲ್ಲಿ ಇದರ ಹಣ್ಣು ಪೆಜಕಾಯಿ. ಹಲಸಿನ ಕಾಡುತಮ್ಮ. ಕೊಂಬೆಯಿಲ್ಲದೆ ನೆಟ್ಟಗೆ ಮೇಲಕ್ಕೆ ಹೋಗುವ ಕಾಂಡ, ನೀರಿನಲ್ಲಿ ಬೇಗ ಹಾಳಾಗದ ಮರ. ಮಲಬಾರಿನಲ್ಲಿ ಇದನ್ನು ಆಯಿನಿ ಎನ್ನುತ್ತಾರೆ. ಬ್ರಿಟನ್ನಿನ ಟಿಮ್ ಸೆವೆರಿನ್ ಎಂಬ ಸಾಹಸಿ ಹಳೆಯ ಅರಬ್ಬಿ ಮಾದರಿಯ ಹೊಲಿದ ಹಡಗೊಂದನ್ನು ಓಮಾನಿನಲ್ಲಿ ಕಟ್ಟಿಸಿ 1980–81ರಲ್ಲಿ ಚೀನಾದವರೆಗೆ ಹೋದ. ಅದಕ್ಕೆ ಮರ ಸಾಗಿದ್ದು ಮಲಬಾರಿನಿಂದ, ಮರದ ಹೆಸರು ಆಯಿನಿ. ನಮ್ಮ ಮಕ್ಕಳಿಗೆ ಪೆಜಕಾಯಿಯ ಬೀಜ ಹುರಿದು ತಿನ್ನುವುದು ಗೊತ್ತು, ಮರದ ಈ ಖ್ಯಾತಿ ಗೊತ್ತಿಲ್ಲ. ನಿಜ ಹೇಳಬೇಕೆಂದರೆ, ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುವ ಮೊದಲು ನನಗೂ ಗೊತ್ತಿರಲಿಲ್ಲ. ಹಾಯಿಮರಕ್ಕೆ ಬೇರೆಯೇ ಮರ. ಹೊನ್ನೆಯ ಜಾತಿಗೆ ಸೇರಿದ ಪೂನ್ ಮರ ಉದ್ದಕ್ಕೆ, ನೇರಕ್ಕೆ ಹೆಸರಾದದ್ದು. ಕೆನರಾದ ಪೂನ್ ಎಂದರೆ ಬ್ರಿಟಿಷರ ಹಡಗುಕಟ್ಟೆಗಳಲ್ಲೂ ಬೇಡಿಕೆಯಿತ್ತು.

ಬ್ಯಾಂಕಿನವರು ಗಡಿಯಾರ ನೋಡಿಕೊಂಡರು. ಪುಂಜಾಲಕಟ್ಟೆಯ ದಾರಿಯಾಗಿ ಬಂಟ್ವಾಳದತ್ತ ಇಳಿದೆವು.

ಕಡವಿನ ಊರು

ಈಗ ಬಂಟ್ವಾಳ ಎಂದರೆ ಬಿ.ಸಿ. ರೋಡು. ಬಸ್ಸು, ಲಾರಿ, ಮೇಲ್ಸೇತುವೆ. ಬಿ.ಸಿ. ಎಂದರೆ ಬಂಟ್ವಾಳ ಕ್ರಾಸ್, ಅಂದರೆ ಬಂಟ್ವಾಳಕ್ಕೆ ತಿರುಗುವ ಜಾಗ ಅಷ್ಟೇ. ಹಳೆಯ ಬಂಟ್ವಾಳ ಪೇಟೆ ಹೊಳೆಗೆ ಮುಖ ಮಾಡಿ ಬೆಳೆದದ್ದು. ಘಟ್ಟದ ಮೇಲಿನ ಮೈಸೂರು ಸೀಮೆಯ ಸರಕು ಗಾಡಿಗಳಲ್ಲಿ, ಹೇರೆತ್ತುಗಳ ಬೆನ್ನ ಮೇಲೆ ಇಲ್ಲಿಗೆ ಇಳಿಯುತ್ತಿತ್ತು. ಇಲ್ಲಿಂದ ಮಂಗಳೂರಿಗೆ ನೇತ್ರಾವತಿಯ ಬೆನ್ನು. ದೋಣಿಗಳು ಕೆಳಕ್ಕೆ ಹೋಗುವಾಗ ಅಕ್ಕಿ, ಅಡಿಕೆ. ಮೇಲಕ್ಕೆ ಬರುವಾಗ ಉಪ್ಪು, ಒಣಮೀನು, ಸೀಮೆಎಣ್ಣೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಆವೆಮಣ್ಣು, ಸೌದೆ, ಹಂಚು ಸಾಗಿಸುವ ಕೆಲಸವೂ ದೋಣಿಗಳಿಗೆ ಬಂತು.

ನನ್ನ ಅಜ್ಜಿಮನೆಯೂ ಇದೇ ಹೊಳೆಯ ಆಚೆ ದಡ. ಎಂಬತ್ತರ ದಶಕದ ಮೊದಲಲ್ಲಿ ಬೇಸಗೆ ರಜೆಗೆ ಹೋಗಬೇಕಾದರೆ ಕಡವು ದಾಟಬೇಕಿತ್ತು. ಕಡವಿನ ಬ್ಯಾರಿ ಜಲ್ಲ ಹಿಡಿದು ನಿಂತು, ಹತ್ತುವ ಪ್ರತಿಯೊಬ್ಬರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ, “ಅಕ್ಕ ನೀವು ನಡುವಿಗೆ, ಏ ಪುಳ್ಳಿ ನೀನು ಈಚೆ” ಎಂದು ಕೂರಿಸುತ್ತಿದ್ದರು. ಯಾರೂ ಎದುರು ಮಾತಾಡುವಂತಿಲ್ಲ, ಪಟೇಲರೂ ಕೂಡ. ಗುರುತ್ವಕೇಂದ್ರದ ಮೊದಲ ಪಾಠ ನನಗೆ ಸಿಕ್ಕಿದ್ದು ಅಲ್ಲಿ. ಇಷ್ಟು ವರ್ಷ ತರಗತಿಯಲ್ಲಿ ಗುರುತ್ವಕೇಂದ್ರ ಎಂದು ಹಲಗೆಯ ಮೇಲೆ ಬರೆದವನು ಒಮ್ಮೆಯೂ ಆ ಬ್ಯಾರಿಯ ಹೆಸರೆತ್ತಿದ್ದಿಲ್ಲ.

ಆಮೇಲೆ ಸೇತುವೆಗಳು ಬಂದವು, ರಸ್ತೆ ಬಂತು. ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗೆಂದು ಕಿಂಡಿ ಅಣೆಕಟ್ಟು ಎದ್ದಿತು. ಸಮುದ್ರದ ಕಡೆಯಿಂದ ಬಂದ ದೋಣಿ ಇನ್ನು ಬಂಟ್ವಾಳದ ದಕ್ಕೆಗೆ ತಾಗುವಂತಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಮಳೆಗಾಲದ ನಡುರಾತ್ರಿ ಬಾಣಂತಿಯನ್ನು ಕಡವು ದಾಟಿಸಿದವರನ್ನು ಕೇಳಿದರೆ ಸೇತುವೆಯ ಬೆಲೆ ತಿಳಿಯುತ್ತದೆ. 1923ರ ಮಾರಿಬೊಳ್ಳದ ಕತೆಯನ್ನು, 1974ರ ನೆರೆಯ ಕತೆಯನ್ನು ಈ ದಂಡೆಯ ಮನೆಗಳಲ್ಲಿ ಇನ್ನೂ ಹೇಳುತ್ತಾರೆ. ದೋಣಿ ಹೋಯಿತೆಂದು ಅಳುವುದಕ್ಕಲ್ಲ ನಾವು ಹೊರಟದ್ದು, ಹೋಗುವ ಮೊದಲು ಒಮ್ಮೆ ಸರಿಯಾಗಿ ನೋಡುವುದಕ್ಕೆ.

ಮೊದಲು ಚಿಪ್ಪು, ಆಮೇಲೆ ಪಕ್ಕೆಲುಬು

ತೆಂಗಿನ ತೋಟದ ಕೊನೆಯಲ್ಲಿ, ಮಡಲಿನ ಮಾಡಿನ ಕೆಳಗೆ ದೋಣಿ ಕವುಚಿ ಮಲಗಿತ್ತು. ಹುಡುಗನ ಅಜ್ಜನಿಗೆ ಎಂಬತ್ತು ದಾಟಿದೆ. ಬೆನ್ನು ಸ್ವಲ್ಪ ಬಾಗಿದೆ, ಕಣ್ಣಿಗೆ ಪೊರೆ ಬಂದಿದೆ, ಬೆರಳುಗಳು ಮಾತ್ರ ಬೇರಿನ ಹಾಗೆ ಗಟ್ಟಿ. ಅವರು ಮತ್ತು ಅವರ ತಂದೆ ಸೇರಿ ಅರವತ್ತರ ದಶಕದಲ್ಲಿ ಕಟ್ಟಿದ ದೋಣಿಯಂತೆ ಅದು. ಹೊರಗಿನಿಂದ ನೋಡಿದರೆ ಕಪ್ಪಗಿನ ಹಲಗೆಗಳು ಒಂದಕ್ಕೊಂದು ಅಂಚು ತಾಗಿಸಿ ಕೂತಿವೆ. ಸಂದಿನ ಎರಡೂ ಬದಿಗೆ ಸಾಲಾಗಿ ಸಣ್ಣ ತೂತುಗಳು. ಒಂದು ತೂತಿನಿಂದ ಇನ್ನೊಂದಕ್ಕೆ ತೆಂಗಿನ ನಾರಿನ ಹುರಿ.

“ಮೊಳೆ ಇಲ್ಲದಿದ್ದರೆ ಕಳಚಿ ಬೀಳುವುದಿಲ್ಲವಾ ಅಜ್ಜ?” ಎಂದಳು ಪುಸ್ತಕದ ಹುಡುಗಿ.

ಅಜ್ಜ ನಕ್ಕರು. “ಅಕ್ಕಿ ಮುಡಿ ನೋಡಿದ್ದೀಯಾ ಮಗಾ? ಬೈಹುಲ್ಲು, ಹುಲ್ಲಿನದ್ದೇ ಹಗ್ಗ. ಅದಕ್ಕೆ ಎಷ್ಟು ಮೊಳೆ ಹೊಡೆಯುತ್ತಾರೆ? ಅಟ್ಟದಿಂದ ಕೆಳಗೆ ಹಾಕಿದರೂ ಒಂದು ಕಾಳು ಹೊರಗೆ ಬರುವುದಿಲ್ಲ.”

ಅವರು ಹೇಳಿದ ಕ್ರಮ ಹೀಗೆ. ಮರವನ್ನು ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಉದ್ದ ಗರಗಸದಲ್ಲಿ ಕೊಯ್ದು ಹಲಗೆ ಮಾಡುವುದು. ತಳದ ಹಲಗೆ ಮೊದಲು. ಅದರ ಇಕ್ಕೆಲಕ್ಕೂ ಒಂದೊಂದೇ ಹಲಗೆ ಏರಿಸುತ್ತ ಹೋಗುವುದು. ಬಾಗಬೇಕಾದಲ್ಲಿ ನೀರು ಹೊಯ್ದು ಬೆಂಕಿಯ ಬಿಸಿ ಕೊಟ್ಟು ಬಾಗಿಸುವುದು. ಬೈರಿಗೆಯಿಂದ ತೂತು ಕೊರೆದು, ಸಂದಿನ ಒಳಮಗ್ಗುಲಿಗೆ ನಾರಿನ ಸುರುಳಿಯನ್ನು ಒತ್ತಿ ಇಟ್ಟು, ಅದರ ಮೇಲಿಂದ ಹುರಿಯನ್ನು ಅಡ್ಡಡ್ಡ ಎಳೆಯುವುದು. ಒಬ್ಬ ಒಳಗೆ, ಒಬ್ಬ ಹೊರಗೆ. ಹುರಿಗೆ ಕೋಲು ಸಿಕ್ಕಿಸಿ ತಿರುಚಿ ಬಿಗಿ ಮಾಡಿ, ಸಡಿಲವಾಗದಂತೆ ತೂತಿಗೆ ನಾರು ತುರುಕುವುದು. ಎಲ್ಲ ಮುಗಿದ ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆಯೋ ಮೀನೆಣ್ಣೆಯೋ ಬಳಿಯುವುದು. ಒಳಗಿನ ಅಡ್ಡಮರಗಳು, ಅಂದರೆ ಪಕ್ಕೆಲುಬುಗಳು, ಕೂರುವುದು ಕೊನೆಗೆ. ಎರಡು ವರ್ಷಕ್ಕೊಮ್ಮೆ ಹುರಿ ಬಿಚ್ಚಿ, ಹಾಳಾದ ಹಲಗೆಯನ್ನಷ್ಟೇ ಬದಲಿಸಿ, ಹೊಸದಾಗಿ ಹೊಲಿಯುವುದು.

ಇಲ್ಲಿ ನಾನು ಮಕ್ಕಳನ್ನು ತಡೆದು ವೈಕಿಂಗರ ಪುಸ್ತಕ ತೆರೆಸಿದೆ. ಇಂದಿನ ದೊಡ್ಡ ಹಡಗುಗಳಿಗೆ ಮೊದಲು ನಕ್ಷೆ ಬರೆಯುತ್ತಾರೆ. ಮರದ ಹಡಗುಗಳಲ್ಲೂ ಪಕ್ಕೆಲುಬಿನ ಹಂದರ ಮೊದಲು ನಿಲ್ಲಿಸಿ, ಆಮೇಲೆ ಹಲಗೆ ಹೊದಿಸುವ ಪದ್ಧತಿ ಬಂದಿದೆ. ವೈಕಿಂಗರದ್ದು ಅದಲ್ಲ. ಅಲ್ಲೂ ಮೊದಲು ಚಿಪ್ಪು, ಆಮೇಲೆ ಪಕ್ಕೆಲುಬು. ಕಾಗದದ ನಕ್ಷೆ ಇಲ್ಲ. ಬಡಗಿಯ ಕಣ್ಣೇ ನಕ್ಷೆ. ನಮ್ಮ ಅಜ್ಜನಂತೆಯೇ ಅವರೂ ಒಂದೊಂದು ಹಲಗೆ ಏರಿಸುವಾಗಲೂ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿರಬೇಕು.

ವ್ಯತ್ಯಾಸಗಳೂ ಇವೆ. ಅವರು ಮರವನ್ನು ಗರಗಸದಲ್ಲಿ ಕೊಯ್ಯಲಿಲ್ಲ. ಓಕ್ ಕಾಂಡಕ್ಕೆ ಬೆಣೆ ಬಡಿದು, ನಡುವಿನಿಂದ ಹೊರಕ್ಕೆ ಸೀಳಿದರು. ಸೀಳಿದ ಹಲಗೆಯಲ್ಲಿ ಮರದ ಎಳೆಗಳು ತುಂಡಾಗುವುದಿಲ್ಲ, ಹಾಗಾಗಿ ತೆಳ್ಳಗಿದ್ದರೂ ಗಟ್ಟಿ. ಗೋಕ್‌ಸ್ಟಾಡ್ ಹಡಗಿನ ಹೆಚ್ಚಿನ ಹಲಗೆಗಳ ದಪ್ಪ ಸುಮಾರು ಎರಡೂವರೆ ಸೆಂಟಿಮೀಟರು, ಒಂದು ಅಂಗುಲ ಮಾತ್ರ. ಹಲಗೆಗಳನ್ನು ಅವರು ಅಂಚಿಗೆ ಅಂಚು ತಾಗಿಸದೆ, ನಾವು ಮಾಡಿಗೆ ಮಂಗಳೂರು ಹಂಚು ಹೊದಿಸುವ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಹೊದಿಸಿ, ಕಬ್ಬಿಣದ ಮೊಳೆ ಹೊಡೆದು ಬಡಿದರು. ನಡುವೆ ಡಾಂಬರಿನಂಥ ಮರದಂಟಿನಲ್ಲಿ ಅದ್ದಿದ ಉಣ್ಣೆ, ಕೂದಲು. ಆದರೆ ಪಕ್ಕೆಲುಬಿಗೆ ಹಲಗೆಯನ್ನು ಸೇರಿಸುವ ಹೊತ್ತಿಗೆ ಅವರೂ ಮೊಳೆಯನ್ನು ಪಕ್ಕಕ್ಕಿಟ್ಟರು. ಹಲಗೆ ಕೆತ್ತುವಾಗಲೇ ಸಣ್ಣ ಗುಬುಟುಗಳನ್ನು ಉಳಿಸಿಕೊಂಡು, ಅದರ ತೂತಿನಲ್ಲಿ ಹುರಿ ಹಾಯಿಸಿ ಪಕ್ಕೆಲುಬಿಗೆ ಕಟ್ಟಿದರು. ಸಾವಿರಾರು ಮೈಲಿ ದೂರದ ಎರಡು ಕಡೆಯ ಬಡಗಿಗಳು, ಒಬ್ಬರನ್ನೊಬ್ಬರು ಕಾಣದೆ, ಹಗ್ಗದ ಬಳಿಗೆ ಬಂದದ್ದು ಏಕೆ?

ಅಜ್ಜನ ಉತ್ತರ ಚಿಕ್ಕದು. “ಬಿಗಿಯಾಗಿ ನಿಂತದ್ದು ಒಡೆಯುತ್ತದೆ ಮಾಷ್ಟ್ರೇ. ಮೊಳೆ ಹೊಡೆದಲ್ಲಿಂದಲೇ ಮರ ಸೀಳುವುದು.”

ನನ್ನ ಉತ್ತರ ಸ್ವಲ್ಪ ಉದ್ದ. ಅಲೆಯ ಮೇಲೆ ದೋಣಿ ನೇರವಾಗಿ ಇರುವುದಿಲ್ಲ. ನಡುವೆ ಅಲೆ ಎತ್ತಿದಾಗ ಎರಡು ತುದಿ ಜೋಲುತ್ತವೆ. ತುದಿಗಳನ್ನು ಅಲೆ ಎತ್ತಿದಾಗ ನಡು ಜೋಲುತ್ತದೆ. ಹೀಗೆ ಎಳೆದಾಡುವ ಬಲವೆಲ್ಲ ಮೊಳೆ ಇದ್ದಲ್ಲಿ ಒಂದೇ ಬಿಂದುವಿನಲ್ಲಿ ಬೀಳುತ್ತದೆ. ಹುರಿಯಾದರೆ ಆ ಬಲವನ್ನು ಸಂದಿನ ಉದ್ದಕ್ಕೂ ಹಂಚುತ್ತದೆ. ಮೇಲಾಗಿ ಕಬ್ಬಿಣ ನಮ್ಮ ಬಿಸಿಯ ಉಪ್ಪುನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಲಿಗ್ನಿನ್ ಹೆಚ್ಚಿರುವ ತೆಂಗಿನ ನಾರು ಅಷ್ಟು ಬೇಗ ಕೊಳೆಯುವುದಿಲ್ಲ. ಇಬ್ನ್ ಬತೂತನೂ ಇದನ್ನೇ ಗಮನಿಸಿದ್ದ. ಮೊಳೆಯ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ನಾರಿನಿಂದ ಹೊಲಿದದ್ದು ಬಾಗಿ ಉಳಿದುಕೊಳ್ಳುತ್ತದೆ ಎಂಬುದು ಅವನ ಮಾತಿನ ಸಾರ.

ವೈಕಿಂಗರ ಹಡಗಿನ ವಿಷಯದಲ್ಲಿ ಇದಕ್ಕೆ ಪರೀಕ್ಷೆಯೂ ನಡೆದಿದೆ. 1893ರಲ್ಲಿ ನಾರ್ವೆಯವರು ಗೋಕ್‌ಸ್ಟಾಡ್ ಹಡಗಿನ ಪ್ರತಿಯೊಂದನ್ನು ಕಟ್ಟಿ, ಮಾಗ್ನುಸ್ ಆಂಡರ್ಸನ್ ಎಂಬ ಕಪ್ತಾನನ ಕೈಯಲ್ಲಿ ಅಟ್ಲಾಂಟಿಕ್ ದಾಟಿ ಷಿಕಾಗೋದ ವಿಶ್ವಮೇಳಕ್ಕೆ ಕಳುಹಿಸಿದರು. ಬರ್ಗೆನ್ ಬಂದರಿನಿಂದ ನ್ಯೂಫೌಂಡ್‌ಲ್ಯಾಂಡಿಗೆ ಇಪ್ಪತ್ತೆಂಟು ದಿನ. ಬಿರುಗಾಳಿಯಲ್ಲಿ ಹಡಗಿನ ತಳ ಅಲೆಯ ಜತೆ ಏರಿ ಇಳಿಯುತ್ತಿತ್ತು, ಮೇಲಂಚು ಆರು ಅಂಗುಲದವರೆಗೂ ತಿರುಚಿಕೊಳ್ಳುತ್ತಿತ್ತು, ಆದರೂ ಸಂದುಗಳು ಬಿಡಲಿಲ್ಲ ಎಂದು ಕಪ್ತಾನ ಬರೆದಿಟ್ಟ. ಹೊಲದ ಹುಡುಗರು ದಿಬ್ಬ ಅಗೆದದ್ದು 1880. ಹದಿಮೂರೇ ವರ್ಷದಲ್ಲಿ ಪ್ರತಿ ಸಮುದ್ರ ದಾಟಿತು. ನಡುವೆ ನಡೆದದ್ದು ಒಂದೇ ಕೆಲಸ. ಯಾರೋ ಟೇಪು ಹಿಡಿದು ಸರಿಯಾಗಿ ಅಳೆದರು.

ಹಾಗಾದರೆ ನಾವೂ ಅಳೆಯೋಣ ಎಂದೆ.

ನಲವತ್ತೋ, ನಲವತ್ತನಾಲ್ಕೋ

ಅಜ್ಜನಿಗೆ ಮೊದಲು ಅರ್ಥವಾಗಲಿಲ್ಲ. “ಅಳೆದು ಏನು ಮಾಡುತ್ತೀರಿ? ಮಂಗಳವಾರ ಲಾರಿ ಬರುತ್ತದೆ.” ದೋಣಿ ಮಾರುವುದು ಯಾಕೆ ಎಂದು ಕೇಳಬಾರದಿತ್ತು, ಕೇಳಿದೆ. ಅಜ್ಜ ಮೊಮ್ಮಗನ ಕಡೆ ನೋಡಿದರು. “ಅವನ ಹಾಸ್ಟೆಲಿನ ಎರಡನೆಯ ಕಂತು ಉಂಟಲ್ಲ. ದೋಣಿ ನಮ್ಮನ್ನು ದಾಟಿಸಿದ್ದು ಸಾಕು, ಅವನನ್ನೂ ಒಮ್ಮೆ ದಾಟಿಸಲಿ.” ಆಮೇಲೆ ಸ್ವಲ್ಪ ಹೊತ್ತು ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಬ್ಯಾಂಕಿನವರು ಪ್ಯಾಂಟು ಮಡಚಿ, “ಎಲ್ಲಿ ಹಿಡಿಯಬೇಕು ಹೇಳಿ” ಎಂದು ದೋಣಿಯ ಬಳಿಗೆ ಹೋದರು.

ಹತ್ತು ಮಂದಿ ಸೇರಿ ದೋಣಿಯನ್ನು ಮಗುಚಿ ನೆಟ್ಟಗಿಟ್ಟೆವು. ಮೂತಿಯಿಂದ ಹಿಂಭಾಗಕ್ಕೆ ನೇರ ಹುರಿ ಕಟ್ಟಿದೆವು. ಅರ್ಧ ಮೀಟರಿಗೊಂದು ಗುರುತು. ಪ್ರತಿ ಗುರುತಿನಲ್ಲಿ ಹುರಿಯಿಂದ ತೂಗುಗುಂಡು ಇಳಿಸಿ ಆಳ, ಅಡ್ಡಕೋಲು ಇಟ್ಟು ಅಗಲ. ಬಾಗಿದ ಮಗ್ಗುಲಿಗೆ ಹಳೆಯ ಪತ್ರಿಕೆಯ ಹಾಳೆ ಒತ್ತಿ ಅಂಚನ್ನು ಪೆನ್ಸಿಲಿನಲ್ಲಿ ತೆಗೆಯುವುದು. ಉದ್ದ 8 ಮೀಟರು, ನಡುವಿನ ಅಗಲ 1.4 ಮೀಟರು. ಮಗ್ಗುಲಲ್ಲಿ ಎರಡು ಗೆರೆಗಳಿದ್ದವು. ಒಂದು ಖಾಲಿ ದೋಣಿ ನೀರಿನಲ್ಲಿ ನಿಂತು ನಿಂತು ಬಿದ್ದ ಕಲೆ. ಇನ್ನೊಂದು ಅದಕ್ಕಿಂತ 25 ಸೆಂಟಿಮೀಟರು ಮೇಲೆ, ಉಳಿಯಿಂದ ಸಣ್ಣಗೆ ಕೆತ್ತಿದ ಗುರುತು. ತುಂಬಿದ ದೋಣಿ ಅದಕ್ಕಿಂತ ಹೆಚ್ಚು ಮುಳುಗಬಾರದು.

“ಅಜ್ಜ, ಇದರಲ್ಲಿ ಎಷ್ಟು ಮುಡಿ ಹಾಕುತ್ತಿದ್ದಿರಿ? ಈಗ ಹೇಳಬೇಡಿ” ಎಂದು ತಡೆದು ಮಕ್ಕಳಿಗೆ ಲೆಕ್ಕ ಕೊಟ್ಟೆ. ಎರಡೂ ಗೆರೆಗಳ ಮಟ್ಟದಲ್ಲಿ ದೋಣಿ ನೀರನ್ನು ಎಷ್ಟು ಚದರ ಮೀಟರು ಆವರಿಸುತ್ತದೆ ಎಂದು ತುಂಡು ತುಂಡಾಗಿ ಕೂಡಿಸಿದರು. ಸರಾಸರಿ 7.5 ಚದರ ಮೀಟರು ಬಂತು. ಒಂದು ಸೆಂಟಿಮೀಟರು ಮುಳುಗಿದರೆ 75 ಲೀಟರು ನೀರು ಸರಿಯುತ್ತದೆ, ಅಂದರೆ 75 ಕಿಲೋ ಭಾರ. 25 ಸೆಂಟಿಮೀಟರಿಗೆ 1,875 ಕಿಲೋ. ದೋಣಿ ನಡೆಸುವ ಇಬ್ಬರಿಗೆ 120 ಕಳೆದರೆ 1,755. ಮುಡಿಗೆ ಸುಮಾರು 40 ಕಿಲೋ ಹಿಡಿದರೆ ನಲವತ್ತನಾಲ್ಕಕ್ಕೆ ತೀರ ಹತ್ತಿರ.

“ನಲವತ್ತನಾಲ್ಕು ಮುಡಿ!” ಎಂದರು ಮಕ್ಕಳು ಒಟ್ಟಿಗೆ.

“ನಲವತ್ತು” ಎಂದರು ಅಜ್ಜ.

ಮಕ್ಕಳ ಮುಖ ಸಣ್ಣದಾಯಿತು. ಮತ್ತೆ ಕೂಡಿಸಿದರು, ಮತ್ತೆ ಭಾಗಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಕೊನೆಗೆ ಅಜ್ಜನೇ ಹೇಳಿದರು. “ನಿಮ್ಮದು ತಪ್ಪಲ್ಲ ಮಕ್ಕಳೇ. ನಲವತ್ತನಾಲ್ಕು ಹಿಡಿಯುತ್ತದೆ, ನನ್ನ ಅಪ್ಪ ಹಾಕಿ ನೋಡಿದ್ದಾರೆ. ಆದರೆ ಹಾಕುವುದು ನಲವತ್ತು. ನಾಲ್ಕು ಮುಡಿ ಗಾಳಿಯ ಪಾಲು. ಹೊಳೆ ನಡುವೆ ಗಾಳಿ ಎದ್ದರೆ ಅದಕ್ಕೂ ಕೂರಲು ಜಾಗ ಬೇಕಲ್ಲ?”

ಎಂಜಿನಿಯರುಗಳು ಸುರಕ್ಷತೆಗೆ ಬಿಡುವ ಅಂತರವೆಂದರೆ ಇದೇ. ನಾನು ಅದನ್ನು ಮಕ್ಕಳಿಗೆ ವಿವರಿಸಲು ಹೊರಟೆ. ಬಿಟ್ಟುಬಿಟ್ಟೆ. ಅಜ್ಜ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದ ಆಗುವಂತಿರಲಿಲ್ಲ.

ಇನ್ನೊಂದು ಮಾತನ್ನೂ ಅಂದು ಕಲಿತೆ. ಅಳಿವೆಯ ಉಪ್ಪುನೀರಿನಲ್ಲಿ ತುಂಬಿಸಿದ ದೋಣಿ ಮೇಲಿನ ಸಿಹಿನೀರಿಗೆ ಬರುವಾಗ “ಅರ್ಧ ಬೆರಳು ಕೂರುತ್ತದೆ” ಎಂದರು ಅಜ್ಜ. ಸಮುದ್ರದ ನೀರಿನ ಸಾಂದ್ರತೆ ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಹೆಚ್ಚು. ಈ ದೋಣಿಗೆ ಲೆಕ್ಕ ಹಾಕಿದರೆ ಒಂದು ಸೆಂಟಿಮೀಟರಿಗೆ ತುಸು ಕಡಿಮೆ. ಅಜ್ಜನ ಅರ್ಧ ಬೆರಳನ್ನು ಅಳೆದು ನೋಡಿದೆವು. ಸರಿಯಾಗಿತ್ತು.

ಹಿಂಭಾಗ ಉಳಿದಿತ್ತು

ನಮ್ಮ ದೇಶದಲ್ಲೂ ಅಳೆಯುವ, ಮತ್ತೆ ಕಟ್ಟುವ ಕೆಲಸ ಶುರುವಾಗಿದೆ ಎನ್ನುವುದು ಸಮಾಧಾನ. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನೇ ಆಧಾರ ಮಾಡಿಕೊಂಡು, ಮೊಳೆಯಿಲ್ಲದೆ ತೆಂಗಿನ ನಾರಿನಿಂದ ಹೊಲಿದ ಹಡಗೊಂದನ್ನು ಗೋವಾದಲ್ಲಿ ಕಟ್ಟಿದರು. ಉದ್ದ ಸುಮಾರು 20 ಮೀಟರು, ಹೆಚ್ಚುಕಡಿಮೆ ಓಸೆಬರ್ಗ್ ಹಡಗಿನಷ್ಟು. ಹೊಲಿಗೆಯ ತಂಡದ ಮುಂದಾಳು ಕೇರಳದ ಬಾಬು ಶಂಕರನ್. ಹಳೆಯ ನಕ್ಷೆ ಯಾವುದೂ ಇಲ್ಲದ ಕಾರಣ ಮದ್ರಾಸ್ ಐಐಟಿಯಲ್ಲಿ ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿದರು. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ಅದು ನೌಕಾಪಡೆಗೆ ಸೇರಿತು. ಹೆಸರು ಕೌಂಡಿನ್ಯ, ಹಾಯಿಯ ಮೇಲೆ ಕದಂಬರ ಗಂಡಭೇರುಂಡ. ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು, ನಾವು ಬಂಟ್ವಾಳದಲ್ಲಿ ದೋಣಿ ಅಳೆದ ಆ ತಿಂಗಳಲ್ಲೇ ಮಸ್ಕತ್ ತಲುಪಿತು. ನಾರ್ಡಿಕ್ ದೇಶಗಳ ಹಲಗೆದೋಣಿಯ ಪರಂಪರೆಯನ್ನು ಯುನೆಸ್ಕೋ 2021ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಅಲ್ಲಿ ಮಣ್ಣು ಹಡಗನ್ನು ಕಾಪಾಡಿತು. ನಮ್ಮಲ್ಲಿ ಆ ಕೆಲಸ ಕೈಗಳಿಂದಲೇ ಆಗಬೇಕು. ಆ ಕೈಗಳಿಗೆ ಈಗ ಎಂಬತ್ತು ವರ್ಷ.

ಪೋಷಕರಲ್ಲಿ ಒಂದು ಮಾತು. ನಿಮ್ಮ ಮನೆಯ ಅಟ್ಟದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಏತದ ಮರವೋ, ಗಾಣದ ತುಂಡೋ, ಕಳಸೆಯೋ, ನೇಗಿಲೋ ಇರಬಹುದು. ಮಾರಬೇಕಾಗಿ ಬಂದರೆ ಮಾರಿ, ಮನೆಯ ಕಷ್ಟ ಮನೆಯವರಿಗೇ ಗೊತ್ತು. ಮಾರುವ ಮೊದಲು ಮಕ್ಕಳ ಕೈಗೆ ಒಂದು ಟೇಪು, ಒಂದು ನೋಟ್‌ಬುಕ್ಕು ಕೊಡಿ. ಪಕ್ಕದಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿ. ಬಿ.ಸಿ. ರೋಡಿನ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದವರು ಇಂಥ ಹಳೆಯ ಬದುಕಿನ ಸಾಮಾನುಗಳನ್ನು ಕೂಡಿಸಿಟ್ಟಿದ್ದಾರೆ. ಅದನ್ನೂ ಒಮ್ಮೆ ತೋರಿಸಿ.

ಮಂಗಳವಾರ ಲಾರಿ ಬಂತು, ದೋಣಿ ಹೋಯಿತು. ಬುಧವಾರ ಪ್ರಯೋಗಾಲಯದಲ್ಲಿ ಹಾಳೆಗಳನ್ನು ಹರಡಿ ನೋಡಿದಾಗ ತಿಳಿಯಿತು, ದೋಣಿಯ ಹಿಂತುದಿಯ ಕೊನೆಯ ಎರಡು ಗುರುತುಗಳ ಅಳತೆಯೇ ಇಲ್ಲ. ಕತ್ತಲಾಯಿತೆಂದು ಗಡಿಬಿಡಿಯಲ್ಲಿ ಬಿಟ್ಟಿದ್ದೆವು. ಮುಂದಿನ ಭಾನುವಾರ ಹುಡುಗನೂ ನಾನೂ ಆ ರೆಸಾರ್ಟನ್ನು ಹುಡುಕಿಕೊಂಡು ಹೋದೆವು. ಗೇಟಿನ ಬಳಿ ನಮ್ಮ ದೋಣಿ. ಒಳಗೆ ಅರ್ಧಕ್ಕೆ ಮಣ್ಣು ತುಂಬಿ ಕ್ರೋಟನ್ ಗಿಡ ನೆಟ್ಟಿದ್ದರು. ಹುಡುಗ ಒಂದು ಕ್ಷಣ ನಿಂತ. ಆಮೇಲೆ ಚೀಲದಿಂದ ತೂಗುಗುಂಡು ತೆಗೆದ.

ಕಾವಲುಗಾರ ಓಡಿ ಬಂದ. “ಏನು ಅಳೆಯುತ್ತಿದ್ದೀರಿ? ಯಾರು ನೀವು?”

“ನಮ್ಮ ಅಜ್ಜ ಮಾಡಿದ ದೋಣಿ. ಹಿಂಭಾಗ ಉಳಿದಿತ್ತು” ಎಂದ ಹುಡುಗ.

ಕಾವಲುಗಾರ ನನ್ನ ಮುಖ ನೋಡಿದ, ದೋಣಿ ನೋಡಿದ. ಅವನ ಊರೂ ಹೊಳೆಬದಿಯದ್ದೇ ಇರಬೇಕು. ಲಾಠಿಯನ್ನು ಗೋಡೆಗೆ ಒರಗಿಸಿ ಬಂದು, ಟೇಪಿನ ಆಚೆ ತುದಿಯನ್ನು ತಾನೇ ಹಿಡಿದ.